ಗುರುವಾರದ ಚೀಟಿ

ಫೆಬ್ರವರಿ 9

ಅಕ್ಕ,

ಬದುಕಿದ್ದೀನಿ. ಮೊದಲು ಇದನ್ನ ಅಮ್ಮನಿಗೆ ಓದಿ ಹೇಳು, ಆಮೇಲೆ ಬಯ್ಯೋಕೆ ಶುರು ಮಾಡು. ಎರಡು ತಿಂಗಳಿಂದ ಫೋನ್ ಇಲ್ಲ ಅಂತ ನೀನು ಊರೆಲ್ಲ ಒಂದು ಮಾಡಿರ್ತೀಯ, ಗೊತ್ತು. ಇಲ್ಲಿ ಗೇಟಿನಲ್ಲೇ ಫೋನ್ ಇಸ್ಕೋತಾರೆ. ಕೆಲಸ ಬಿಡೋ ದಿನ ವಾಪಸ್ಸಂತೆ. ಆಸ್ಪತ್ರೆಯ ಬಟ್ಟೆ ಒಗೆಯೋಕೆ ತಗೊಂಡು ಹೋಗೋ ವ್ಯಾನಿನ ಡ್ರೈವರ್ ಒಬ್ಬ ಸಿಕ್ಕಿದ್ದಾನೆ. ಕಾಗದ ಅವನ ಜೇಬಲ್ಲಿ ಹೊರಗೆ ಹೋಗುತ್ತೆ, ನಿನ್ನ ಉತ್ತರ ಅವನ ಅಂಗಡಿ ವಿಳಾಸಕ್ಕೆ ಬರಲಿ. ನೋಡು, ಏಳು ಸಮುದ್ರ ದಾಟಿದರೂ ನಮ್ಮ ಗತಿ ಲಾಂಡ್ರಿಯೇ.

ನನ್ನ ಕೆಲಸವೂ ಹಾಗೇ ಇದೆ. ನೆಲಮಾಳಿಗೆಯಲ್ಲಿ ಉದ್ದನೆ ಕೋಣೆ, ಕಿಟಕಿ ಇಲ್ಲ. ಮೇಲೆ ಆಪರೇಷನ್ ಮುಗಿದ ಮೇಲೆ ಕತ್ತರಿ, ಚಿಮಟ, ಗರಗಸ ಎಲ್ಲ ರಕ್ತದ ಸಮೇತ ಕೆಳಗೆ ಬರುತ್ತೆ. ತೊಳಿ, ಎಣಿಸು, ಟ್ರೇಯಲ್ಲಿ ಜೋಡಿಸು, ಬಟ್ಟೆ ಸುತ್ತು, ಉಗಿಯಂತ್ರಕ್ಕೆ ಹಾಕು. ಅಮ್ಮನ ಬಾಯ್ಲರ್ ನೋಡಿದೋನಿಗೆ ಇದೇನು ಮಹಾ? ಟ್ರೇ ಮೇಲೆ ಲೇಬಲ್ ಅಂಟಿಸಬೇಕು: ದಿನ, ಯಂತ್ರದ ನಂಬರ್, ಪ್ಯಾಕ್ ಮಾಡಿದವನ ಗುರುತು. ನಾನು ಯಾವ ಗುರುತು ಹಾಕ್ತೀನಿ ಅಂತ ಬೇರೆ ಹೇಳಬೇಕಾ? ನಮ್ಮ ಲಾಂಡ್ರಿ ಅಂಗಡಿಯಲ್ಲಿ ಬಟ್ಟೆಗೆ ಹಾಕೋ ಗುರುತೇ. ಮೇಲೊಂದು ಚುಕ್ಕಿ, ಕೆಳಗೆರಡು. ಅಮ್ಮ, ನೀನು, ನಾನು.

ನಮ್ಮ ಮೇಲ್ವಿಚಾರಕನಿಗೆ ನಾವು ಗಡಿಯಾರ ಅಂತ ಹೆಸರಿಟ್ಟಿದ್ದೀವಿ. ಒಂದು ಲೇಬಲ್ ತಪ್ಪಿದರೂ ಅವನಿಗೆ ಹೊಟ್ಟೆನೋವು ಬರುತ್ತೆ. ನನ್ನ ಎಡಗೈ ಸುಟ್ಟ ಗುರುತು ನೋಡಿ ಏನಿದು ಅಂದ. ಏನೂ ಇಲ್ಲ, ನಮ್ಮಕ್ಕನ ಇಸ್ತ್ರಿಪೆಟ್ಟಿಗೆ ಅಂದೆ.

ನೆನಪಿದೆಯಾ? ನೀನು ಕೋಪದಲ್ಲಿ ಇಸ್ತ್ರಿ ಒತ್ತಿದ್ದು, ಅಮ್ಮ ಪೊರಕೆ ಹಿಡ್ಕೊಂಡು ಬಂದಿದ್ದು. ನಾನು ಅಳ್ತಾ ಅಳ್ತಾನೇ "ಮೊದಲೇ ಇತ್ತು ಅಮ್ಮ" ಅಂದೆ. ಗಿರಾಕಿ ಬಟ್ಟೆಯಲ್ಲಿ ಕಲೆ, ಹರುಕು ಕಂಡರೆ ಅಮ್ಮ ಚೀಟಿಯಲ್ಲಿ ಬರೆದಿಡ್ತಾಳಲ್ಲ, "ಮೊದಲೇ ಇತ್ತು" ಅಂತ, ಹಾಗೆ. ಅಮ್ಮ ನಕ್ಕುಬಿಟ್ಟಳು, ನೀನು ಬಚಾವು. ಆ ಋಣ ಇನ್ನೂ ಬಾಕಿ ಇದೆ ಕಣೇ.

ಸೇರಿದ ದಿನ ರಕ್ತ ತಗೊಂಡರು. ಗುಂಪು ನೋಡಿ ನರ್ಸ್ ಹುಬ್ಬೇರಿಸಿದಳು, ಅಪರೂಪದ್ದಂತೆ. ನಮ್ಮಕ್ಕಂದೂ ಇದೇ ಅಂತ ಜಂಬ ಕೊಚ್ಚಿಕೊಂಡೆ.

∴


ಮಾರ್ಚ್ 2

ಏ ಕೋತಿ,

ಎರಡು ತಿಂಗಳು! ಅಮ್ಮ ಎರಡು ತಿಂಗಳಿಂದ ನಿನ್ನ ಅದೇ ನೀಲಿ ಅಂಗಿ ತೊಳೆದು ತೊಳೆದು ಇಸ್ತ್ರಿ ಮಾಡಿ ಇಡ್ತಿದ್ದಾಳೆ. ಹಾಕ್ಕೊಳ್ಳೋನೇ ಇಲ್ಲ, ಯಾಕಮ್ಮ ಅಂದ್ರೆ ಧೂಳು ಕೂರುತ್ತೆ ಅಂತಾಳೆ. ಆ ಡ್ರೈವರಿಗೆ ನೂರು ವರ್ಷ ಆಯಸ್ಸಿರಲಿ. ನಿನಗೆ ಮಾತ್ರ ಕಪಾಳಕ್ಕೆ ಎರಡು ಬಾಕಿ ಇದೆ, ಬಂದಾಗ ಇಸ್ಕೋ. ಇಸ್ತ್ರಿಪೆಟ್ಟಿಗೆಯ ಪ್ಯಾರಾ ಒಂದನ್ನ ಅಮ್ಮನಿಗೆ ಓದಲಿಲ್ಲ.

ನನ್ನನ್ನ ಆಫೀಸಲ್ಲಿ ಹೊಸ ಸಮಿತಿಗೆ ಹಾಕಿದ್ದಾರೆ. ಹೊರದೇಶಗಳಲ್ಲಿ ಮನುಷ್ಯರನ್ನ ಹಿಡಿದು ಅವರ ಲಿವರ್, ಕಿಡ್ನಿ ಕಿತ್ತು ಮಾರೋ ದಂಧೆ ಇದೆಯಲ್ಲ, ಅದರ ವಿರುದ್ಧ ಕಾನೂನು ತರೋ ಸಮಿತಿ. ನಮ್ಮ ದೇಶದವರು ಹಾಗೆ ಹೋಗಿ ಹಾಕಿಸ್ಕೊಂಡು ಬಂದರೆ ಇಲ್ಲಿನ ಡಾಕ್ಟರು ಸರ್ಕಾರಕ್ಕೆ ತಿಳಿಸಲೇಬೇಕು, ಕಳಿಸಿದ ಏಜೆಂಟ್ ಜೈಲಿಗೆ ಹೋಗಬೇಕು, ಕಿತ್ತು ಹಾಕೋ ಹೊರಗಿನ ಡಾಕ್ಟರುಗಳಿಗೆ ಇಲ್ಲಿಗೆ ವೀಸಾ ಸಿಗಬಾರದು. ಇದಿಷ್ಟು ಮಸೂದೆ.

ಅದರಲ್ಲಿ ನನ್ನ ಕೆಲಸ ಏನು ಗೊತ್ತಾ? ಹೆಸರಿಗೆ ಮಸಿ ಬಳಿಯೋದು. ಸಾಕ್ಷಿಗಳು ಕೊಟ್ಟ ಕಾಗದ ಯಾರು ಬೇಕಾದರೂ ಓದಬಹುದು, ಆದ್ದರಿಂದ ಅದರಲ್ಲಿರೋ ಹೆಸರು, ಊರು, ವಯಸ್ಸು, ಫೋನ್ ನಂಬರ್ ಮೇಲೆ ಕಪ್ಪು ಪೆನ್ನಿನಿಂದ ಗೆರೆ ಎಳೀಬೇಕು. ನಿಯಮದ ಪಟ್ಟಿ ಗೋಡೆಗೆ ಅಂಟಿಸ್ಕೊಂಡಿದ್ದೀನಿ. ಬೆರಳೆಲ್ಲ ಕಪ್ಪು. ಅಮ್ಮ ನೋಡಿ, ಓದಿಸಿದ್ದು ಇದಕ್ಕಾ ಅಂದಳು.

ಸಮಿತಿಯ ಕಾರ್ಯದರ್ಶಿ ಒಳ್ಳೆಯವರು, ಆದರೆ ಸದಾ ಮುಖ ಗಂಟು. ಕೇಳಿದ್ದೆಲ್ಲ ಹೊರಗಿನವರ ಮಾತು, ಒಳಗೆ ಕೆಲಸ ಮಾಡಿದ ಒಬ್ಬನೂ ಬಾಯಿ ಬಿಟ್ಟಿಲ್ಲ, ಬರೀ ಬಾಯಿಮಾತಿಗೆ ಕಾನೂನು ಆಗಲ್ಲ ಅಂತ ತಲೆ ಚಚ್ಚಿಕೊಳ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ಅಂಥದ್ದೇನೂ ಇಲ್ಲ ತಾನೇ? ಸುಮ್ಮನೆ ಕೇಳಿದೆ.

ಅಕ್ಕ


ಮಾರ್ಚ್ 28

ಅಕ್ಕ,

ಇಲ್ಲ. ಇದು ದೊಡ್ಡ ಆಸ್ಪತ್ರೆ, ಗೋಡೆಯೆಲ್ಲ ಫಳಫಳ. ನೀನು ಸುಮ್ಮನೆ ಏನೇನೋ ತಲೆಗೆ ಹಚ್ಚಿಕೋಬೇಡ.

ಒಂದು ಅನುಮಾನ ಮಾತ್ರ ಕೇಳ್ತೀನಿ. ನೀನು ಓದಿದವಳು, ಹೇಳು. ಪ್ರತಿ ಸೋಮವಾರ ನಮ್ಮ ಕೋಣೆಗೆ ಒಂದು ಚೀಟಿ ಬರುತ್ತೆ. ಗುರುವಾರಕ್ಕೆ ಲಿವರ್ ತೆಗೆಯೋ ಟ್ರೇ ಎರಡು, ಹಾಕೋ ಟ್ರೇ ಎರಡು, ಪಕ್ಕದಲ್ಲಿ ರಕ್ತದ ಗುಂಪು. ಹಾಕಿಸ್ಕೊಳ್ಳೋರು ವಿಮಾನದಲ್ಲಿ ಬರ್ತಾರೆ, ಅವರಿಗೆ ದಿನ ಗೊತ್ತಿರಲಿ ಬಿಡು. ಕೊಡೋರು ಅಪಘಾತದಲ್ಲಿ ಸತ್ತವರು ಅಂತಾರೆ. ಗುರುವಾರ ಇಂಥ ಗುಂಪಿನವನೇ ಅಪಘಾತದಲ್ಲಿ ಸಾಯ್ತಾನೆ ಅಂತ ಸೋಮವಾರವೇ ಯಾರಿಗೆ ಗೊತ್ತಾಗುತ್ತೆ?

ಗಡಿಯಾರನಿಗೆ ಇದನ್ನೇ ತಮಾಷೆಗೆ ಕೇಳಿದೆ. ಅವನು ನಗಲಿಲ್ಲ. ತೊಳೀತಿದ್ದ ಚಿಮಟ ಕಿತ್ತುಕೊಂಡು ನನ್ನ ಕಿವಿಯ ಮೇಲೆ ಬಾರಿಸಿದ. ಮೂರು ಹೊಲಿಗೆ. ಹೊಲಿಗೆ ಹಾಕಿದ ನರ್ಸ್, ಮೆಟ್ಟಿಲಿಂದ ಬಿದ್ದೆ ಅಂತ ಹೇಳು ಅಂದಳು. ಮೆಟ್ಟಿಲಿಂದ ಬಿದ್ದೆ ಅಕ್ಕ.

ಆಸ್ಪತ್ರೆ ಹಿಂದೆ ಬೀಗ ಹಾಕಿದ ಕಟ್ಟಡ ಒಂದಿದೆ. ಸರ್ಕಾರದ ಕೈದಿಗಳಂತೆ. ಏನು ತಪ್ಪು ಮಾಡಿದ್ದಾರೋ, ಯಾರೂ ಹೇಳಲ್ಲ. ಅವರಿಗೆ ವಾರಕ್ಕೊಮ್ಮೆ ರಕ್ತಪರೀಕ್ಷೆ. ಊಟ ಮಾತ್ರ ಒಳ್ಳೇದು ಕೊಡ್ತಾರೆ. ಅದು ನನಗೆ ಯಾಕೋ ಸರಿ ಕಾಣಲ್ಲ.

ಇನ್ನೊಂದು ವಿಚಿತ್ರ. ಟ್ರೇಯ ಲೇಬಲ್ಲನ್ನ ಆಪರೇಷನ್ ಆದವರ ಫೈಲಿಗೆ ಅಂಟಿಸ್ತಾರೆ. ಯಾವ ಟ್ರೇ ಯಾರಿಗೆ ಬಳಸಿದ್ದು ಅನ್ನೋ ಲೆಕ್ಕಕ್ಕೆ. ತೆಗೆಯೋ ಟ್ರೇದೂ ಹಾಕಿಸ್ಕೊಂಡವರ ಫೈಲಿಗೇ ಹೋಗುತ್ತೆ. ಯಾಕೆ ಅಂದ್ರೆ ಕೊಟ್ಟವನಿಗೆ ಫೈಲೇ ಇಲ್ಲ. ಆ ಫೈಲನ್ನ ರೋಗಿ ತನ್ನ ದೇಶಕ್ಕೆ ತಗೊಂಡು ಹೋಗ್ತಾನೆ. ನಿನ್ನ ತಮ್ಮನ ಕೈಬರಹ ದೇಶ ದೇಶ ಸುತ್ತುತ್ತಿದೆ, ಹೆಮ್ಮೆಪಡು.

ಅಮ್ಮನಿಗೆ ಕಿವಿ ವಿಷಯ ಬೇಡ.

∴


ಏಪ್ರಿಲ್ 16

ಕೋತಿ,

ಅಮ್ಮನಿಗೆ ಓದುವಾಗ ಅರ್ಧ ಪುಟ ನುಂಗಿದೆ. ಅವಳೇನು ದಡ್ಡಿಯಾ? ಇವತ್ತು ಬೇಗ ಮುಗೀತಲ್ಲ ಕಾಗದ ಅಂದಳು.

ಬಂದುಬಿಡು. ಸಾಮಾನು ಬೇಡ, ಫೋನೂ ಬೇಡ, ಮೈಮೇಲಿನ ಬಟ್ಟೆಯಲ್ಲಿ ಬಾ. ಇದನ್ನ ಬರೆದು ಪೆನ್ನು ಕೆಳಗಿಟ್ಟೆ. ಈಗ ಮತ್ತೆ ಎತ್ತಿಕೊಂಡಿದ್ದೀನಿ, ನನ್ನ ಮೇಲೆ ನನಗೇ ಅಸಹ್ಯ ಆಗ್ತಿದೆ. ನಿನ್ನ ಸೋಮವಾರದ ಚೀಟಿಯ ಮಾತನ್ನ ಕಾರ್ಯದರ್ಶಿಯವರಿಗೆ ಹೇಳಿದೆ. ನಿನ್ನ ಹೆಸರು ಹೇಳಲಿಲ್ಲ. ಅವರು ಕುರ್ಚಿಯಿಂದ ಎದ್ದು ನಿಂತರು. ಇಷ್ಟು ದಿನ ಹುಡುಕ್ತಿದ್ದದ್ದು ಇದನ್ನೇ ಅಂದರು. ಸಾವಿಗೆ ಮೊದಲೇ ದಿನ ಗೊತ್ತು ಮಾಡೋದು ಅಂದ್ರೆ ಅದಕ್ಕೆ ಕೊಲೆ ಅಂತ ಹೆಸರು. ಒಳಗಿನವನೊಬ್ಬ ಕಣ್ಣಾರೆ ಕಂಡದ್ದನ್ನ ಬರೆದುಕೊಟ್ಟರೆ ಜೂನ್ ಒಂದಕ್ಕೆ ಸಮಿತಿ ಮುಂದೆ ಇಟ್ಟು ಮಸೂದೆ ದಾಟಿಸ್ತೀನಿ ಅಂದರು. ಹೋದ ವಾರ ಸಾಕ್ಷಿ ಹೇಳೋಕೆ ಬಂದಿದ್ದ ಒಬ್ಬ ಹೆಂಗಸು ನನ್ನ ಕೈ ಹಿಡ್ಕೊಂಡು ಬಿಡಲೇ ಇಲ್ಲ. ಅವಳ ಗಂಡನ ಹೆಣ ವಾಪಸ್ ಬಂದಾಗ ಹೊಟ್ಟೆ ತುಂಬ ಹತ್ತಿ ತುರುಕಿದ್ದರಂತೆ.

ಬಾ. ಆದರೆ ಬರೋ ಮೊದಲು ಕಂಡದ್ದನ್ನ ಬರೆ. ನಾನು ಎಂಥ ಅಕ್ಕ ಅಂತ ನೀನೇ ತೀರ್ಮಾನ ಮಾಡು.


ಮೇ 11

ಅಕ್ಕ,

ಬರೀತೀನಿ. ಇದನ್ನ ಅಮ್ಮನಿಗೆ ಒಂದಕ್ಷರವೂ ಓದಬೇಡ.

ಹೋದ ವಾರ ಗುರುವಾರ, ಮಧ್ಯಾಹ್ನ ಊಟದ ಹೊತ್ತು. ತೆಗೆಯೋ ಟ್ರೇಯಲ್ಲಿ ಒಂದು ಚಿಮಟ ಕಡಿಮೆ ಇದೆ ಅಂತ ಮೇಲಿಂದ ಕೂಗಿದರು. ಗಡಿಯಾರ ಪೊಟ್ಟಣ ನನ್ನ ಕೈಗೆ ತುರುಕಿ ಓಡು ಅಂದ. ಮೂರನೇ ಮಹಡಿ, ಕೊನೇ ಬಾಗಿಲು. ಒಳಗೆ ಹೋದೆ.

ಮೇಜಿನ ಮೇಲಿದ್ದವನು ಸತ್ತಿರಲಿಲ್ಲ. ಎದೆಯಿಂದ ಕಿಬ್ಬೊಟ್ಟೆ ತನಕ ಸೀಳಿದ್ದರು. ಇಕ್ಕಳ ಹಾಕಿ ಎರಡೂ ಕಡೆ ಅಗಲಿಸಿದ್ದರು. ಕಣ್ಣು ಬಿಟ್ಟಿದ್ದ. ಪ್ರಜ್ಞೆ ತಪ್ಪಿಸೋ ಔಷಧಿ ಕಡಿಮೆ ಕೊಟ್ಟಿದ್ದರೋ ಏನೋ, ಸಾಯೋನಿಗೆ ಯಾಕೆ ದಂಡ ಅಂತಲೋ ಏನೋ. ಬಲಗಾಲಿಗೆ ಕಟ್ಟಿದ್ದ ಪಟ್ಟಿ ಕಿತ್ತುಬಂದಿತ್ತು. ಕಾಲು ಒದೀತಿತ್ತು. ದೊಡ್ಡ ಡಾಕ್ಟರು ತಲೆ ಎತ್ತದೆ "ಹಿಡಿ" ಅಂದರು. ಯಾರಿಗೆ ಅಂದರೋ ಅಂತ ಹಿಂದೆ ತಿರುಗಿ ನೋಡಿದೆ. ಅಲ್ಲಿ ನಾನೊಬ್ಬನೇ ಇದ್ದೆ.

ಹಿಡಿದೆ ಅಕ್ಕ. ಎರಡೂ ಕೈಯಲ್ಲಿ ಅವನ ಕಾಲು ಅಮುಕಿ ಹಿಡಿದೆ. ಅವನು ಕೂಗಲು ಹೋದ. ಕಾವಲಿನವನು ಮೊಣಕೈಯಿಂದ ಅವನ ಮುಖಕ್ಕೆ ಗುದ್ದಿದ, ಮೂಗಿನ ಮೂಳೆ ಮುರಿದದ್ದು ಕೇಳಿಸಿತು. ಇನ್ನೊಂದು ಗುದ್ದು. ಹಲ್ಲು ನೆಲಕ್ಕೆ ಬಿತ್ತು. ಡಾಕ್ಟರು ಕೈ ನಿಲ್ಲಿಸಲಿಲ್ಲ. ರಕ್ತ ನನ್ನ ಮುಂಗೈ ತನಕ ಬಂತು, ಬಿಸಿ ಇತ್ತು. ಲಿವರ್ ಎತ್ತಿ ಮಂಜುಗಡ್ಡೆಯ ಬೋಗುಣಿಗೆ ಹಾಕಿದರು. ಕಾಲು ಇನ್ನೂ ಸ್ವಲ್ಪ ಹೊತ್ತು ನಡುಗ್ತಾ ಇತ್ತು. ಆಮೇಲೆ ನಿಂತಿತು.

ಕಾಲುಚೀಲ ಹಾಕಿದ್ದ. ಹಿಮ್ಮಡಿ ಹತ್ತಿರ ಹರಿದಿದ್ದನ್ನ ಯಾರೋ ಕೈಯಲ್ಲಿ ಹೊಲಿದಿದ್ದರು, ಒತ್ತೊತ್ತಾಗಿ, ಚೆನ್ನಾಗಿ. ಲಾಂಡ್ರಿಯವರ ಮಗ ನೋಡು, ನನಗೆ ಕಂಡದ್ದು ಅದೇ. ಅದನ್ನ ಹೊಲಿದವರು ಎಲ್ಲೋ ಇದ್ದಾರಲ್ಲ ಅಂತ ಕೆಳಗೆ ಬಂದು ಹೊಟ್ಟೆಯಲ್ಲಿದ್ದದ್ದೆಲ್ಲ ಕಾರಿಕೊಂಡೆ. ಗಡಿಯಾರ ಟ್ರೇ ತಂದು ಮುಂದಿಟ್ಟು, ಎಣಿಸು ಅಂದ.

ಮಾರನೇ ದಿನ ಊರಿಗೆ ಹೋಗ್ತೀನಿ ಅಂದೆ. ಇಬ್ಬರು ಬಂದು ಬಾಯ್ಲರ್ ಹಿಂದೆ ಕರ್ಕೊಂಡು ಹೋಗಿ ಪಕ್ಕೆಗೆ ಒದ್ದರು. ಪಾಸ್‌ಪೋರ್ಟ್ ಗಡಿಯಾರನ ಬೀರುವಿನಲ್ಲಿದೆ. ಜುಲೈ ಇಪ್ಪತ್ತಕ್ಕೆ ನನ್ನ ಕರಾರು ಮುಗಿಯುತ್ತೆ, ಬಾಯಿ ಮುಚ್ಕೊಂಡಿದ್ದರೆ ಅವತ್ತು ಬಿಡ್ತೀವಿ ಅಂದಿದ್ದಾರೆ. ಮುಚ್ಕೊಂಡಿದ್ದೀನಿ. ಈ ಕಾಗದ ಒಂದೇ ನನ್ನ ಬಾಯಿ.

ಇದನ್ನ ಕೊಡು ಅವರಿಗೆ. ನಾನು ಕಾಲು ಹಿಡಿದದ್ದನ್ನೂ ಸೇರಿಸಿ ಕೊಡು, ಅಳಿಸಬೇಡ. ನಾನು ಯಾರು ಅಂತ ಮಾತ್ರ ಗೊತ್ತಾಗಬಾರದು. ಜುಲೈ ಇಪ್ಪತ್ತರ ತನಕ, ಅಷ್ಟೇ.

∴


ಜೂನ್ 3

ಕಂದ,

ಕೋತಿ ಅನ್ನೋಕೆ ಇವತ್ತು ಬಾಯಿ ಬರ್ತಿಲ್ಲ. ನಿನ್ನ ಪಕ್ಕೆ ಹೇಗಿದೆ? ಉಸಿರಾಡಿದಾಗ ನೋಯುತ್ತಾ? ಬಿಗಿಯಾಗಿ ಬಟ್ಟೆ ಸುತ್ತಿಕೋ.

ಕೊಟ್ಟೆ. ಅನುವಾದ ಮಾಡಿ, ಮೂಲದ ಪ್ರತಿಯನ್ನೂ ಜೊತೆಗೆ ಇಡಬೇಕು ಅಂದರು, ಇಲ್ಲದಿದ್ದರೆ ಕಟ್ಟುಕಥೆ ಅಂತ ತಳ್ಳಿಹಾಕ್ತಾರಂತೆ. ನಾನೇ ಕೂತು ಮಸಿ ಬಳಿದೆ. ಬೇರೆಯವರ ಕೈಗೆ ಕೊಡಲಿಲ್ಲ. ದಿನಾಂಕ, ಮಹಡಿ, ಕರಾರು ಮುಗಿಯೋ ದಿನ, ಲಾಂಡ್ರಿ, ಅಮ್ಮ, ಅಕ್ಕ, ಎಲ್ಲ ಕಪ್ಪು. ಮೂರು ಸಲ ಓದಿ ನೋಡಿದೆ. ನಿನ್ನನ್ನ ಹೆತ್ತವಳು ಓದಿದರೂ ಗೊತ್ತಾಗಬಾರದು, ಹಾಗೆ ಮಾಡಿದ್ದೀನಿ. ಕೊನೆಯ ಮೂರು ಚುಕ್ಕಿ ಮಾತ್ರ ಹಾಗೇ ಬಿಟ್ಟೆ. ಅದು ಹೆಸರಲ್ಲ, ಊರಲ್ಲ, ಪಟ್ಟಿಯಲ್ಲಿಲ್ಲ. ಅದಕ್ಕೂ ಬಳಿಯೋಕೆ ಹೋದೆ, ಕೈ ಬರಲಿಲ್ಲ. ಅಷ್ಟೆಲ್ಲ ಕಪ್ಪಿನ ನಡುವೆ ನೀನು ಇದ್ದೀಯ ಅನ್ನೋದಕ್ಕೆ ಅದೊಂದೇ ಉಳಿದಿತ್ತು.

ಒಂದನೇ ತಾರೀಕು ಸಮಿತಿಯಲ್ಲಿ ಓದಿದರು. ಒಬ್ಬ ಸದಸ್ಯರು ಎದ್ದು ಹೊರಗೆ ಹೋದರು. ಕಾರ್ಯದರ್ಶಿಯವರು ಕಾಲುಚೀಲದ ಹತ್ತಿರ ಬಂದಾಗ ಓದೋದು ನಿಲ್ಲಿಸಿ ನೀರು ಕುಡಿದರು. ಮಸೂದೆ ದಾಟುತ್ತೆ ಕಣೋ. ನೀನು ದಾಟಿಸಿದೆ.

ಇನ್ನು ನಲವತ್ತೇಳು ದಿನ. ಬಾಯಿ ಮುಚ್ಕೊಂಡಿರು, ತಲೆ ತಗ್ಗಿಸಿರು. ಆ ಕಾಲಿನ ವಿಷಯ ಬಂದ ಮೇಲೆ ನನ್ನ ಹತ್ತಿರ ಎಷ್ಟು ಬೇಕಾದರೂ ಅಳು.

ಅಕ್ಕ


ಜೂನ್ 21

ಅಕ್ಕ,

ನಿನ್ನ ಕಾಗದ ಮೊನ್ನೆ ಒಗೆದ ಬಟ್ಟೆಯ ಗಂಟಿನಲ್ಲಿ ಸಿಕ್ಕಿತು. ಮಸಿ ಚೆನ್ನಾಗಿ ಬಳಿದಿದ್ದೀಯ. ಅಮ್ಮ ಓದಿಸಿದ್ದು ದಂಡ ಆಗಲಿಲ್ಲ ಅಂತ ಹೇಳು.

ಅಕ್ಷರ ಸೊಟ್ಟ ಇದೆ ಅಂತ ಗಾಬರಿ ಆಗಬೇಡ. ಬೆರಳ ಮೇಲೆ ಟ್ರೇ ಬಿತ್ತು. ನನಗೆ ಈಗ ಸ್ವಲ್ಪ ರಜ ಕೊಟ್ಟಿದ್ದಾರೆ, ಊಟ ಕೋಣೆಗೇ ಬರುತ್ತೆ, ಹೊಟ್ಟೆ ತುಂಬ ಕೊಡ್ತಾರೆ. ಇವತ್ತು ಒಂದೇ ಒಂದು ಟ್ರೇ ಪ್ಯಾಕ್ ಮಾಡೋಕೆ ಕೆಳಗೆ ಕರೆಸಿದ್ದರು. ನಿನ್ನೆ ಚೀಟಿ ಬಂದಿತ್ತು, ಗುರುವಾರಕ್ಕೆ. ನಿಧಾನವಾಗಿ, ಎಣಿಸಿ ಎಣಿಸಿ ಮಾಡಿದೆ. ಲೇಬಲ್ ಬರೆಯೋಕೇ ಅರ್ಧ ಗಂಟೆ ಹಿಡಿಯಿತು. ಗಡಿಯಾರ ಪಕ್ಕದಲ್ಲೇ ನಿಂತಿದ್ದ. ನಮ್ಮ ಲಿಪಿ ಅವನಿಗೆ ಜಿಲೇಬಿ ಸುತ್ತಿದ ಹಾಗೆ ಕಾಣುತ್ತಂತೆ. ಲೇಬಲ್ ಇದೆಯಲ್ಲ, ಅಷ್ಟು ಸಾಕು ಅವನಿಗೆ.

ಕಾನೂನು ಬಂದ ಮೇಲೆ ಫೈಲೆಲ್ಲ ನಿನ್ನ ಮೇಜಿಗೇ ಬರುತ್ತಾ? ಬರುತ್ತೆ ಅಂತ ಅಂದುಕೊಂಡಿದ್ದೀನಿ. ಬಂದರೆ ಚೆನ್ನಾಗಿ ನೋಡು, ಅವಸರ ಮಾಡಬೇಡ. ನಿನಗೆ ಎಲ್ಲದಕ್ಕೂ ಅವಸರ.

ಅಮ್ಮ ಆ ನೀಲಿ ಅಂಗಿ ಒಗೆದು ಒಗೆದು ಬಣ್ಣ ಬಿಡಿಸ್ತಾಳೆ. ಯಾರಿಗಾದರೂ ಹಾಕ್ಕೊಳ್ಳೋಕೆ ಕೊಟ್ಟುಬಿಡಿ. ಸುಮ್ಮನೆ ಮಡಚಿಡೋಕಾ ಅಂಗಿ ಇರೋದು?

ಡ್ರೈವರ್ ಹಾರ್ನ್ ಮಾಡ್ತಿದ್ದಾನೆ. ಈ ಸಲ ಚುಕ್ಕಿ ಹಾಕಲ್ಲ, ಬೆರಳು ನೋವು.


ಜುಲೈ 10

ಕೋತಿ, ಕೋತಿ, ಕೋತಿ!

ದಾಟಿತು! ನಿನ್ನೆ ಮಧ್ಯಾಹ್ನ ಹನ್ನೆರಡೂವರೆಗೆ ಕಾನೂನು ಆಯಿತು. ಕಾರ್ಯದರ್ಶಿಯವರು ಮೊದಲನೇ ಸಲ ನಕ್ಕರು, ಮೇಲಿನ ಸಾಲಲ್ಲಿ ಒಂದು ಹಲ್ಲಿಲ್ಲ ಅಂತ ಆಗಲೇ ಗೊತ್ತಾಗಿದ್ದು. ಗಂಡನ ಹೊಟ್ಟೆಗೆ ಹತ್ತಿ ತುರುಕಿ ಕಳಿಸಿದ್ದರಲ್ಲ, ಆ ಹೆಂಗಸೂ ಬಂದಿದ್ದಳು. ಆ ಕಾಗದ ಬರೆದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ ಅಂದಳು. ನನ್ನ ತಮ್ಮ ಅಂತ ಕೂಗಿ ಹೇಳಬೇಕು ಅನ್ನಿಸಿತು. ನಾಲಿಗೆ ಕಚ್ಚಿಕೊಂಡೆ.

ಆದರೆ ಚುಕ್ಕಿ ಹಾಕಲ್ಲ ಅಂದ್ರೆ ಏನೋ? ಬೆರಳು ನೋವಾದರೆ ಎರಡು ಪುಟ ಬರೆಯೋಕೆ ಆಗುತ್ತೆ, ಮೂರು ಚುಕ್ಕಿ ಇಡೋಕೆ ಆಗಲ್ವಾ? ಕೋಪ ಬಂದಿದ್ದರೆ ನೆಟ್ಟಗೆ ಬಯ್ಯಿ. ಅಂಗಿ ಕೊಟ್ಟುಬಿಡಿ ಅಂತ ಬೇರೆ ಧಿಮಾಕು. ಅಮ್ಮ ಅದನ್ನ ಕೇಳಿ ಎದ್ದು ಒಳಗೆ ಹೋದಳು. ಹೊಟ್ಟೆ ತುಂಬ ಊಟ, ಕೋಣೆಗೇ ಬರುತ್ತೆ ಅಂದಿದ್ದಕ್ಕೆ ಮಾತ್ರ ಸಮಾಧಾನ. ದಪ್ಪಗಾಗಿ ಬಾ.

ಇನ್ನು ಹತ್ತು ದಿನ. ವಿಮಾನ ನಿಲ್ದಾಣಕ್ಕೆ ಅಮ್ಮನೂ ಬರ್ತಾಳಂತೆ. ಅಂಗಡಿಗೆ ಬೀಗ ಹಾಕಿ, ಜೀವಮಾನದಲ್ಲಿ ಮೊದಲನೇ ಸಲ.

∴ (ನಿನ್ನ ಬದಲು ನಾನೇ ಹಾಕಿದ್ದೀನಿ)


ಆಗಸ್ಟ್ 24

ತಮ್ಮ,

ನಾನು ಕಳಿಸಿದ ಎರಡು ಕಾಗದ ಒಡೆಯದೆ ವಾಪಸ್ ಬಂದಿವೆ. ಲಕೋಟೆ ಹಿಂದೆ ಡ್ರೈವರ್ ಮುರುಕು ಭಾಷೆಯಲ್ಲಿ ಬರೆದಿದ್ದಾನೆ: ಇಲ್ಲ, ಇನ್ನು ಕಳಿಸಬೇಡಿ, ನನಗೂ ಮಕ್ಕಳಿದ್ದಾರೆ.

ಇಪ್ಪತ್ತಕ್ಕೆ ಹೋದೆವು. ಇಪ್ಪತ್ತೊಂದಕ್ಕೂ ಹೋದೆವು. ಬಂದವರೆಲ್ಲ ಹೊರಗೆ ಹೋದ ಮೇಲೆ ಕಸ ಗುಡಿಸೋನು ಬಂದು, ಅಮ್ಮ, ಏಳಿ ಅಂದ. ರಾಯಭಾರಿ ಕಚೇರಿಗೆ ಕಾರ್ಯದರ್ಶಿಯವರೇ ಬರೆದರು. ಒಂದು ಸಾಲು ಉತ್ತರ: ಸದರಿ ನೌಕರರು ಜೂನ್ 23ರಂದು ಸ್ವಇಚ್ಛೆಯಿಂದ ಕೆಲಸ ಬಿಟ್ಟಿರುತ್ತಾರೆ.

ಇವತ್ತು ನಿನ್ನ ಕಾಗದಗಳನ್ನೆಲ್ಲ ಮೊದಲಿಂದ ಓದಿದೆ. ಫೆಬ್ರವರಿ ಒಂಬತ್ತರದ್ದು. ಎರಡನೇ ಪ್ಯಾರಾ.

ನೀನು ಹೇಳಿದ್ದೆ. ಟ್ರೇ ಮೇಲೆ ಅದೇ ಗುರುತು ಹಾಕ್ತೀನಿ ಅಂತ ನಗ್ತಾ ಹೇಳಿದ್ದೆ. ನಾನು ಓದಿದ್ದೆ. ಅಮ್ಮನಿಗೂ ಓದಿ ಹೇಳಿದ್ದೆ, ಇಬ್ಬರೂ ನಕ್ಕಿದ್ದೆವು. ಹೆಸರು, ಊರು, ವಯಸ್ಸು ಅಂತ ಪಟ್ಟಿ ನೋಡ್ಕೊಂಡು ಗೆರೆ ಎಳೆದೆ. ನೂರಾರು ಟ್ರೇಗಳ ಮೇಲೆ ನೀನು ಒತ್ತಿದ ಮುದ್ರೆಯನ್ನ ಮಾತ್ರ ಹೊಳೆಯೋ ಹಾಗೆ ಬಿಟ್ಟು, ಊರಿಗೆಲ್ಲ ಓದೋಕೆ ಕೊಟ್ಟೆ. ಆ ಆಸ್ಪತ್ರೆಗೆ ರೋಗಿಗಳನ್ನ ಕಳಿಸೋ ಇಲ್ಲಿನ ಏಜೆಂಟನೊಬ್ಬ ಸಮಿತಿಯ ಕಾಗದಗಳ ಪ್ರತಿ ತಗೊಂಡು ಹೋಗಿದ್ದಾನೆ. ದಾಖಲೆಯಲ್ಲಿದೆ. ಜೂನ್ ಆರು. ಅವನಿಗೆ ಪ್ರತಿ ತೆಗೆದುಕೊಟ್ಟು ರುಜು ಹಾಕಿಸ್ಕೊಂಡವಳು ನಾನೇ.

ಜೂನ್ ಇಪ್ಪತ್ತೊಂದಕ್ಕೆ ನಿನಗೆ ಗೊತ್ತಿತ್ತು. ಅದಕ್ಕೇ ಚುಕ್ಕಿ ಹಾಕಲಿಲ್ಲ. ಮಸಿ ಚೆನ್ನಾಗಿ ಬಳಿದಿದ್ದೀಯ ಅಂದೆಯಲ್ಲೋ. ಬಯ್ಯೋಕೆ ಏನಾಗಿತ್ತು ನಿನಗೆ? ಸೂಳೆಮಗಳೇ, ನನ್ನನ್ನ ಕೊಂದೆ ಅಂತ ಒಂದು ಸಾಲು ಬರೆಯೋಕೆ ಏನಾಗಿತ್ತು?

ಈ ಕಾಗದ ಎಲ್ಲಿಗೆ ಹಾಕಲಿ?


ಮಾರ್ಚ್ 6

ತಮ್ಮ,

ವಿಳಾಸ ಇಲ್ಲದೆ ಬರೀತಿದ್ದೀನಿ.

ಕಾನೂನಿನ ಪ್ರಕಾರ ಫೈಲುಗಳು ಬರ್ತಿವೆ. ಹೊರದೇಶದಲ್ಲಿ ಅಂಗ ಹಾಕಿಸ್ಕೊಂಡು ಬಂದವರದ್ದು. ನೀನು ಹೇಳಿದ ಹಾಗೆ ಅವಸರ ಮಾಡದೆ ನೋಡಿದೆ. ಮೊದಲನೇ ಲೇಬಲ್ ಅಕ್ಟೋಬರಿನಲ್ಲಿ ಸಿಕ್ಕಿತು. ಮೂರು ಚುಕ್ಕಿ, ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರ. "ಎರಡು ಅಂಗಿ ಬಂದವು. ವಾಪಸ್ ಹೋಗಲಿಲ್ಲ." ಅಮ್ಮನ ಅಂಗಡಿ ಚೀಟಿ ಬರೆದ ಹಾಗೆ ಬರೆದಿದ್ದೀಯ, ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಬಟ್ಟೆ. ಆಮೇಲೆ ಒಂದೊಂದೇ ಬಂದವು. "ಒಂದು ಅಂಗಿ. ಜೇಬಲ್ಲಿ ಮಗುವಿನ ಫೋಟೋ." "ಒಂದು ಲಂಗ. ಚಿಕ್ಕ ಅಳತೆ." ಅದನ್ನ ಓದಿ ಬಚ್ಚಲಿಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಂಡೆ. ಒಟ್ಟು ಹನ್ನೊಂದು ಲೇಬಲ್. ಹತ್ತೊಂಬತ್ತು ಜನ. ಅವುಗಳನ್ನ ಹಿಡ್ಕೊಂಡು ಪೊಲೀಸರು ಏಜೆಂಟನನ್ನ ಹಿಡಿದಿದ್ದಾರೆ, ದೊಡ್ಡ ಡಾಕ್ಟರಿಗೆ ಒಂಬತ್ತು ದೇಶಗಳಲ್ಲಿ ಬಾಗಿಲು ಮುಚ್ಚಿದೆ. ಬೀಗದ ಕಟ್ಟಡ ಇನ್ನೂ ಅಲ್ಲೇ ಇದೆ. ಸುಳ್ಳು ಹೇಳಲ್ಲ.

ಇವತ್ತು ಬೆಳಿಗ್ಗೆ ಒಬ್ಬರು ಹೇಳಿಕೆ ಕೊಡೋಕೆ ಬಂದರು. ಪೀಠೋಪಕರಣದ ಅಂಗಡಿಯವರು, ಐವತ್ತೈದು ಇರಬಹುದು. ಹೆಂಡತಿ ಫೈಲನ್ನ ಎದೆಗೆ ಅವುಚಿಕೊಂಡು ಕೂತಿದ್ದರು. ಮುಖದಲ್ಲಿ ಕಳೆ ಬಂದಿದೆ, ಈಗ ಮೆಟ್ಟಿಲು ಹತ್ತುತ್ತಾರೆ ಅಂತ ನನಗೆ ಹೇಳಿದರು. ಅಪಘಾತದಲ್ಲಿ ಹೋದ ಯಾರೋ ಪುಣ್ಯಾತ್ಮ ಅಂದರು ಮೇಡಂ, ನಮಗೇನೂ ಗೊತ್ತಿಲ್ಲ ಅಂದರು ಗಂಡ. ಫೈಲು ತೆಗೆದೆ. ಆಪರೇಷನ್ ಜೂನ್ 23, ಗುರುವಾರ. ಪೂರ್ತಿ ಲಿವರ್. ರಕ್ತದ ಗುಂಪು ನಮ್ಮಿಬ್ಬರದು.

ಲೇಬಲ್ ಸೊಟ್ಟ ಅಕ್ಷರದಲ್ಲಿತ್ತು. ಪ್ಯಾಕ್ ಆದ ದಿನ ಜೂನ್ 21. ಮೂರು ಚುಕ್ಕಿ. ಅದರ ಕೆಳಗೆ:

"ಒಂದು ಅಂಗಿ, ತುಂಬುತೋಳು. ಎಡತೋಳಲ್ಲಿ ಇಸ್ತ್ರಿ ಸುಟ್ಟ ಗುರುತು. ಮೊದಲೇ ಇತ್ತು."

ನಿನ್ನನ್ನ ಕೊಯ್ಯೋ ಕತ್ತರಿಯನ್ನ ನೀನೇ ಎಣಿಸಿ, ನೀನೇ ಬಟ್ಟೆ ಸುತ್ತಿ ಕೊಟ್ಟಿದ್ದೀಯ. ಮುರಿದ ಬೆರಳಲ್ಲಿ ಅರ್ಧ ಗಂಟೆ ಕೂತು ಬರೆದದ್ದು ಇದು.

ನನ್ನ ಮೇಜಿನ ಮೇಲೆ ಕಾಗದ ಕತ್ತರಿಸೋ ಕತ್ತರಿ ಇತ್ತು. ಎದುರಿಗೆ ಅವರ ಅಂಗಿಯ ಗುಂಡಿ, ಅದರ ಹಿಂದೆ ನೀನು. ಕೈ ಕತ್ತರಿ ಮೇಲೆ ಹೋಯಿತು, ಹಿಡಿದೆ ಕೂಡ. ಆ ಮನುಷ್ಯನ ಹೊಟ್ಟೆ ಸೀಳಿ ನಿನ್ನನ್ನ ಈಚೆಗೆ ತೆಗೆದು, ಸೆರಗಲ್ಲಿ ಕಟ್ಟಿಕೊಂಡು ಅಮ್ಮನ ಹತ್ತಿರ ಓಡಬೇಕು ಅನ್ನಿಸಿತು. ಇದನ್ನ ನಾನು ಇನ್ಯಾರಿಗೂ ಹೇಳಲ್ಲ. ಅವರ ಹೆಂಡತಿಗೆ ನನ್ನ ಮುಖ ಕಂಡಿರಬೇಕು, ಗಂಡನ ಮುಂದೆ ಅಡ್ಡ ಕೈ ಇಟ್ಟರು. ಆ ಕೈ ನೋಡಿ ಕತ್ತರಿ ಕೆಳಗಿಟ್ಟೆ. ಹೇಳಿಕೆ ಬರ್ಕೊಂಡೆ, ರುಜು ಹಾಕಿಸ್ಕೊಂಡೆ. ಏಳುವಾಗ ಅವರು ಬಲಪಕ್ಕೆಯ ಮೇಲೆ ಕೈ ಇಟ್ಕೊಂಡು ಎದ್ದರು. ಹುಷಾರು ಅಂದೆ. ನನ್ನ ಬಾಯಿಂದಲೇ ಬಂತು.

ಆಗಸ್ಟಿನಲ್ಲಿ ಗೋಡೆಯ ಪಟ್ಟಿಗೆ ನಾನೇ ಒಂದು ಸಾಲು ಸೇರಿಸಿದ್ದೆ. ಯಾವುದೇ ಗುರುತು, ಚುಕ್ಕಿ, ಗೀಟು ಇದ್ದರೂ ಮಸಿ ಬಳಿಯತಕ್ಕದ್ದು. ಅದರ ಪ್ರಕಾರ ನಿನ್ನ ಈ ಲೇಬಲ್ಲಿಗೂ ಬಳಿಯಬೇಕಿತ್ತು. ಪೆನ್ನು ತೆಗೆದು ಕಾರ್ಯದರ್ಶಿಯವರ ಹತ್ತಿರ ಹೋದೆ. ಅವರು ಲೇಬಲ್ ನೋಡಿದರು, ನನ್ನನ್ನ ನೋಡಿದರು. ಮಸಿ ಬಳಿಯೋದು ಬದುಕಿರೋರನ್ನ ಕಾಪಾಡೋಕಮ್ಮ, ಇದನ್ನ ಹಾಗೇ ಬಿಡಿ ಅಂದರು.

ಅಮ್ಮನಿಗೆ ಸಂಜೆ ಹೇಳಿದೆ, ಎಲ್ಲ, ಮೇ ತಿಂಗಳ ಕಾಗದವನ್ನೂ ಸೇರಿಸಿ. ಲೇಬಲ್ಲಿನ ಪ್ರತಿ ಕೈಗೆ ಕೊಟ್ಟೆ. ಅವಳು ಕನ್ನಡಕ ಹಾಕ್ಕೊಂಡು, ಗಿರಾಕಿ ಚೀಟಿ ನೋಡೋ ಹಾಗೆ ಓದಿದಳು. ಬೀರುವಿನಿಂದ ನೀಲಿ ಅಂಗಿ ತಂದು ಎಡತೋಳು ಬಿಡಿಸಿ ಸವರಿದಳು. ಆಮೇಲೆ ಕೇಳಿದಳು, ಅವತ್ತು ಇಸ್ತ್ರಿ ಒತ್ತಿದ್ದು ನೀನೇ ತಾನೇ ಅಂತ. ಇಷ್ಟು ವರ್ಷ ಆದ ಮೇಲೆ ಕೇಳಿದಳು.

ನೀನು ಈ ಸಲವೂ ನನ್ನನ್ನ ಬಚಾವು ಮಾಡೋಕೆ ನೋಡಿದ್ದೀಯ. ಬೇಡ ಕಣೋ. ಅಮ್ಮನಿಗೆ ಹೇಳಿಬಿಟ್ಟೆ. ಮೊದಲೇ ಇರಲಿಲ್ಲ ಅಮ್ಮ, ನಾನೇ ಸುಟ್ಟಿದ್ದು ಅಂತ.

ಅಕ್ಕ